ಎಡಗಡೆಯ ಕನ್ನಡಿ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕ್ಯಾಷ್ ಕೌಂಟರು, ಲೆಡ್ಜರು, ಡೇ ಬುಕ್ಕು ಎಲ್ಲ ಕಡೆಯೂ ಕೂತಿದ್ದೇನೆ. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕಿ, ಟ್ಯಾಲಿ ಮಾಡಿಯೇ ಮನೆಗೆ ಹೊರಡುತ್ತಿದ್ದ ಕಾಲ ಅದು. ಅಂಥ ನಾನು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ತಪ್ಪು ಲೆಕ್ಕ ಬರೆದೆ. ಅದನ್ನು ಸರಿಮಾಡಿದ ಕತೆ ಇದು. ಜೊತೆಗೆ, ಕಾರಿನ ಸೈಡ್ ಮಿರರ್ ಬದಲಾಯಿಸುವುದು ಹೇಗೆ ಅನ್ನುವುದನ್ನೂ ಹೇಳುತ್ತೇನೆ. ಎರಡರಲ್ಲಿ ಕನ್ನಡಿ ಬದಲಾಯಿಸುವುದೇ ಸುಲಭ.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿದೆ. ಮನೆ ಕಟ್ಟಿಸಿದಾಗ ನನ್ನಲ್ಲಿದ್ದದ್ದು ಸ್ಕೂಟರು. ಗೇಟಿನ ಅಗಲವೂ ಸ್ಕೂಟರಿನ ಯೋಗ್ಯತೆಗೆ ತಕ್ಕ ಹಾಗೆ ಇದೆ. ಆಮೇಲೆ ಬಂದ ಕಾರನ್ನು ಆ ಗೇಟಿನೊಳಗೆ ರಿವರ್ಸಿನಲ್ಲಿ ತೂರಿಸುವುದು ದಿನದಿನದ ಸರ್ಕಸ್ಸು. ಈಗಿರುವುದು ಹದಿನಾಲ್ಕು ವರ್ಷದ ಬಿಳಿ ಆಲ್ಟೊ. ಬಲಗಡೆ ಕಂಬಕ್ಕೂ ಕಾರಿಗೂ ಒಂದು ಗೇಣು, ಎಡಗಡೆ ಒಂದು ಗೇಣು. ಇಷ್ಟು ವರ್ಷ ಒಂದು ಗೀರೂ ಬಿದ್ದಿರಲಿಲ್ಲ.

ಒಂದು ಸಂಜೆ ಒಬ್ಬನೇ ಬಂದೆ. ಮಬ್ಬುಗತ್ತಲು. ಬಲಗಡೆಯ ಕಂಬವನ್ನೇ ನೋಡುತ್ತಾ ಹಿಂದಕ್ಕೆ ಬಿಟ್ಟೆ. ಎಡಗಡೆ 'ಟಪ್' ಅಂತ ಸದ್ದಾಯಿತು. ಇಳಿದು ನೋಡಿದರೆ ಸೈಡ್ ಮಿರರ್ ಮುರಿದು ವೈರಿಲ್ಲದ ಟೆಲಿಫೋನಿನ ಹಾಗೆ ನೇತಾಡುತ್ತಿತ್ತು. ಗಾಜು ಮೂರು ಚೂರು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಚೂರುಗಳನ್ನು ಆರಿಸಿಕೊಂಡು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ಹೆಂಡತಿ ರಂಗೋಲಿ ಹಾಕಲು ಹೋದವಳು ಅಲ್ಲಿಂದಲೇ ಕೂಗಿದಳು. "ಏನ್ರೀ ಇದು, ಕನ್ನಡಿ ಹೀಗಾಗಿದೆ?"

"ನಿನ್ನೆ ಹೊರಗೆ ನಿಲ್ಲಿಸಿದ್ದಾಗ ಯಾವನೋ ಗಾಡಿಯವನು ತಗುಲಿಸಿ ಹೋಗಿದಾನೆ" ಅಂದೆ.

ಯಾಕೆ ಹಾಗಂದೆ? ವಯಸ್ಸಾಯಿತು, ಇನ್ನು ಕಾರು ಓಡಿಸಬೇಡಿ ಅಂತ ಮಗ ಒಂದು ವರ್ಷದಿಂದ ಹೇಳುತ್ತಿದ್ದ. ಈ 'ಟಪ್' ಅವನ ಕಿವಿಗೆ ಬಿದ್ದರೆ ಬೀಗದ ಕೈ ನನ್ನ ಜೇಬಿನಲ್ಲಿ ಉಳಿಯುತ್ತಿರಲಿಲ್ಲ. ಅಷ್ಟೇ ಕಾರಣ.

ಸಸ್ಪೆನ್ಸ್ ಅಕೌಂಟು

ಬ್ಯಾಂಕಿನಲ್ಲಿ ಒಂದು ಪದ್ಧತಿಯಿದೆ. ಎಷ್ಟು ಹುಡುಕಿದರೂ ಲೆಕ್ಕದ ವ್ಯತ್ಯಾಸ ಸಿಗದಿದ್ದರೆ ಆ ಮೊತ್ತವನ್ನು 'ಸಸ್ಪೆನ್ಸ್ ಅಕೌಂಟ್' ಅನ್ನುವ ಖಾತೆಗೆ ಹಾಕಿಡುತ್ತಾರೆ. ಹಾಕಿಟ್ಟರೆ ತೀರಿತು ಅಂತಲ್ಲ, ಒಂದಲ್ಲ ಒಂದು ದಿನ ಆಡಿಟರು ಬಂದು ಕೇಳಿಯೇ ಕೇಳುತ್ತಾರೆ. ನಾನೂ ನನ್ನ ತಪ್ಪನ್ನು ಹಾಗೆ ಹಾಕಿಟ್ಟೆ. ದೊಡ್ಡ ಚೂರೊಂದನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದೆ. ಎಡಗಡೆಯ ಕನ್ನಡಿ ಇಲ್ಲದಿದ್ದರೆ ಏನಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನಕ್ಕೆ ಆಧಾರವೂ ಇತ್ತು. ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಮಾರುತಿ 800. ಮಕ್ಕಳೇ, ನಿಮಗೆ ಆ ಕಾರು ನೋಡಿಯೇ ಗೊತ್ತಿರಲಿಕ್ಕಿಲ್ಲ. 1983ರ ಡಿಸೆಂಬರಿನಲ್ಲಿ ಅದರ ಮೊದಲ ಗಿರಾಕಿಗೆ ಪ್ರಧಾನಿ ಇಂದಿರಾ ಗಾಂಧಿಯವರೇ ಬೀಗದ ಕೈ ಕೊಟ್ಟರು. 2014ರಲ್ಲಿ ತಯಾರಿಕೆ ನಿಂತಿತು. ಮಧ್ಯಮ ವರ್ಗದ ಎಷ್ಟೋ ಸಂಸಾರಗಳು ಮೊದಲ ಸಲ ಸ್ವಂತ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದದ್ದು ಅದರಲ್ಲಿಯೇ. ನನ್ನ ಆ ಕಾರಿಗೆ ಬಲಗಡೆ ಮಾತ್ರ ಕನ್ನಡಿಯಿತ್ತು, ಎಡಗಡೆ ಇರಲೇ ಇಲ್ಲ. ಆ ಕಾಲದ ಸಣ್ಣ ಕಾರುಗಳು ಹಲವು ಹಾಗೆಯೇ ಇದ್ದವು. ಆಗ ನಡೆದದ್ದು ಈಗ ನಡೆಯದೇ ಅಂದುಕೊಂಡೆ. ಆಗಿನ ರಸ್ತೆ ಎಷ್ಟು ಖಾಲಿ ಇತ್ತು, ಆಗಿನ ನನ್ನ ಕತ್ತು ಎಷ್ಟು ಸಲೀಸಾಗಿ ತಿರುಗುತ್ತಿತ್ತು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ನಡೆಯಿತು. ನಮ್ಮ ರಸ್ತೆಗೆ ದಿನಾ ಬೆಳಿಗ್ಗೆ ಒಬ್ಬ ಹುಡುಗ ಸಣ್ಣ ಗೂಡ್ಸ್ ಆಟೋದಲ್ಲಿ ತರಕಾರಿ ತರುತ್ತಾನೆ. ನಮ್ಮ ಮನೆಯ ಮುಂದೆಯೇ ನಿಲ್ಲಿಸುತ್ತಿದ್ದ. 'ಯಾವನೋ ಗಾಡಿಯವನು' ಅಂತ ನಾನು ಅಂದದ್ದನ್ನು ನನ್ನ ಹೆಂಡತಿ ಅವನಿಗೆ ಕೂಡಿಸಿದಳು.

"ನೋಡ್ಕೊಂಡು ಗಾಡಿ ಹಿಂದಕ್ಕೆ ತಗೊಳ್ಳೋಕಾಗಲ್ವೇನಪ್ಪಾ? ಒಡೆದ ಮೇಲೆ ಒಂದು ಮಾತಾದ್ರೂ ಹೇಳ್ಬೇಕೋ ಬೇಡ್ವೋ?"

"ನಾನಲ್ಲಮ್ಮ" ಅಂದ ಅವನು. "ನಾನು ತಗುಲ್ಸಿದ್ರೆ ಹೇಳ್ತಿದ್ದೆ."

ನಾನು ಜಗಲಿಯ ಮೇಲೆ ಪೇಪರು ಓದುತ್ತಿದ್ದೆ. ಒಂದೊಂದು ಮಾತೂ ಕೇಳಿಸಿತು. ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದೆ.

ಮಾರನೆಯ ದಿನದಿಂದ ಅವನ ಗಾಡಿ ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ. ಹಾರನ್ನೂ ಮಾಡದೆ ದಾಟಿಹೋಗಿ ರಸ್ತೆಯ ಕೊನೆಯಲ್ಲಿ ನಿಲ್ಲಿಸುತ್ತಿದ್ದ. ಹೀಗೆ ಮೂರು ವಾರ ಕಳೆಯಿತು.

ಸೈಕಲ್ ಹುಡುಗ

ನನ್ನ ಮೊಮ್ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಒಂದು ಗುರುವಾರ ಅವಳಿಗೆ ಶಾಲೆಯ ವ್ಯಾನು ತಪ್ಪಿತು. ನಾನೇ ಬಿಡಲು ಹೊರಟೆ. ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಬೇಕು. ಇಂಡಿಕೇಟರ್ ಹಾಕಿದೆ. ಅಭ್ಯಾಸಬಲದಿಂದ ಎಡಗಡೆಯ ಕನ್ನಡಿಯತ್ತ ನೋಡಿದೆ. ಟೇಪಿನ ಹಿಂದೆ ಆಕಾಶದ ಒಂದು ತುಣುಕು ಬಿಟ್ಟರೆ ಏನೂ ಕಾಣಲಿಲ್ಲ. ಸ್ಟಿಯರಿಂಗ್ ತಿರುಗಿಸಿದೆ.

"ತಾತಾ, ಸೈಕಲ್!"

ಬ್ರೇಕು ಒತ್ತಿದೆ. ಕಾರಿಗೂ ಫುಟ್‌ಪಾತಿಗೂ ನಡುವೆ, ಬಾಗಿಲಿಗೆ ತಾಗುವಷ್ಟು ಹತ್ತಿರದಲ್ಲಿ, ಹನ್ನೆರಡು ವರ್ಷವಿರಬಹುದಾದ ಒಬ್ಬ ಹುಡುಗ ಯೂನಿಫಾರ್ಮಿನಲ್ಲಿ ಸೈಕಲ್ ಮೇಲೆ ಕೂತಿದ್ದ. ಒಂದು ಕಾಲು ಫುಟ್‌ಪಾತಿನ ಮೇಲಿತ್ತು. ಅವನ ಬ್ಯಾಗಿನ ನೀರಿನ ಬಾಟಲಿ ಕಾರಿಗೆ ಬಡಿದು ಕೆಳಗೆ ಬಿದ್ದಿತ್ತು. ಅವನಿಗೆ ಏನೂ ಆಗಿರಲಿಲ್ಲ. ಪುಟ್ಟಿ ಇಳಿದು ಬಾಟಲಿ ಎತ್ತಿಕೊಟ್ಟಳು. ಅವನು ನನ್ನನ್ನು ನೋಡಿದ, ಆಮೇಲೆ ಟೇಪು ಸುತ್ತಿದ ಕನ್ನಡಿಯನ್ನು ನೋಡಿದ.

"ತಾತ, ನಿಮ್ಮ ಕನ್ನಡಿ ಇಲ್ಲ" ಅಂದ. ಸಿಟ್ಟಿನಿಂದ ಹೇಳಲಿಲ್ಲ, ಸೀಟಿನ ಮೇಲೆ ಏನೋ ಬಿಟ್ಟು ಹೋದವರಿಗೆ ಹೇಳುವ ಹಾಗೆ ಹೇಳಿ ಹೊರಟುಹೋದ.

ಆ ದಿನ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದೊಂದು ನೆನಪಾಯಿತು. ಒಂದು ಸಂಜೆ ನನ್ನ ಕ್ಯಾಷಿನಲ್ಲಿ ನೂರು ರೂಪಾಯಿ ಕಡಿಮೆ ಬಂತು. ಆಗಿನ ಸಂಬಳಕ್ಕೆ ನೂರು ರೂಪಾಯಿ ಸಣ್ಣದಲ್ಲ. ಹೇಗಾದರೂ ನಾಳೆ ಹೊಂದಿಸೋಣ ಅಂತ ಸುಮ್ಮನಿದ್ದೆ. ಹೆಡ್ ಕ್ಯಾಷಿಯರ್ ನನ್ನ ಮುಖ ನೋಡಿಯೇ ಗುರುತು ಹಿಡಿದು ಪಕ್ಕಕ್ಕೆ ಕರೆದರು. "ಇವತ್ತೇ ಹೇಳಿದರೆ ಅದು ಷಾರ್ಟೇಜು ಕಣಯ್ಯಾ. ನಾಳೆ ಬೇರೆಯವರಿಗೆ ಗೊತ್ತಾದರೆ ಅದಕ್ಕೆ ಹೆಸರು ಬೇರೆ" ಅಂದರು. ಅವತ್ತೇ ಹೇಳಿದೆ, ಕೈಯಿಂದ ತುಂಬಿದೆ, ರಾತ್ರಿ ನಿದ್ದೆ ಬಂತು. ಈಗ ಮೂರು ವಾರ ಆಗಿತ್ತು.

ಜೆ.ಸಿ. ರಸ್ತೆಯಲ್ಲಿ

ಶನಿವಾರ ಮಧ್ಯಾಹ್ನ ಪುಟ್ಟಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಜೆ.ಸಿ. ರಸ್ತೆಗೆ ಹೋದೆ. ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಒಂದು ತುದಿಯಲ್ಲಿ ಪುರಭವನ, ಪಕ್ಕದಲ್ಲಿ ನಾಟಕ ಆಡುವ ರವೀಂದ್ರ ಕಲಾಕ್ಷೇತ್ರ. ಅಲ್ಲಿಂದ ಮಿನರ್ವ ವೃತ್ತದ ಕಡೆಗೆ ನಡೆದರೆ ವಾಹನಗಳ ಬಿಡಿಭಾಗದ ಅಂಗಡಿಗಳ ಸಾಲು. ಬಂಪರು, ಹೆಡ್‌ಲೈಟು, ಸೀಟ್ ಕವರು ಎಲ್ಲ ನೇತುಹಾಕಿರುತ್ತಾರೆ.

ಅಂಗಡಿಯವರು ಒಂದೇ ಉಸಿರಿಗೆ ಕೇಳಿದರು. "ಯಾವ ಗಾಡಿ ಸಾರ್? ಯಾವ ವರ್ಷದ್ದು? ಎಡನಾ ಬಲನಾ? ಒಳಗಿಂದ ತಿರುಗ್ಸೋ ಕಡ್ಡಿ ಇದ್ಯಾ?"

ಪುಟ್ಟಿ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದದ್ದು ಒಳ್ಳೆಯದಾಯಿತು. ಕಾರಿನ ಎಡ ಬಲ ಅಂದರೆ ಒಳಗೆ ಮುಂದಕ್ಕೆ ಮುಖ ಮಾಡಿ ಕೂತವರ ಎಡ ಬಲ. ಕಾರಿನ ಎದುರಿಗೆ ನಿಂತು ನೋಡಿ ಹೇಳಿದರೆ ತಪ್ಪು ಕನ್ನಡಿ ಮನೆಗೆ ಬರುತ್ತದೆ.

ಅವರು ಮೊದಲು ಬರೀ ಗಾಜು ತೋರಿಸಿದರು. ಹಿಂದೆ ಅಂಟು ಇರುತ್ತದೆ, ಹಳೆಯ ಗೂಡಿಗೆ ಅಂಟಿಸಿದರೆ ಆಯಿತು, ಬೆಲೆಯೂ ಕಡಿಮೆ. ಆದರೆ ನಮ್ಮದು ಗೂಡೇ ಮುರಿದಿತ್ತು. ಆಮೇಲೆ ಪೂರ್ತಿ ಸೆಟ್ಟುಗಳು ಬಂದವು, ಎರಡು ಬೆಲೆಯವು. ಕಡಿಮೆ ಬೆಲೆಯದನ್ನು ನಾನು ಕೈಗೆತ್ತಿಕೊಂಡೆ. ಗುಮಾಸ್ತನ ಕೈ ತಾನಾಗಿಯೇ ಅತ್ತ ಹೋಗುತ್ತದೆ.

"ತಾತ, ನಿಮ್ಮ ಎಟಿಎಂ ಕಾರ್ಡು ಕೊಡಿ" ಅಂದಳು ಪುಟ್ಟಿ.

"ಇನ್ನೂ ರೇಟೇ ಮುಗ್ದಿಲ್ಲವಲ್ಲೇ."

ಅವಳು ಕಾರ್ಡಿನ ಉದ್ದದ ಅಂಚನ್ನು ಗಾಜಿನ ಮೇಲೆ ಅಡ್ಡ ಇಟ್ಟಳು. ಕಾರ್ಡು ಗಾಜಿಗೆ ಪೂರ್ತಿ ಕೂತಿತು. ಇನ್ನೊಂದು ಸೆಟ್ಟಿನ ಮೇಲೆ ಇಟ್ಟಳು. ಕಾರ್ಡು ನಡುವೆ ಮಾತ್ರ ತಾಗಿತು, ಎರಡೂ ತುದಿಗಳಲ್ಲಿ ಬೆಳಕಿನ ಸಣ್ಣ ಎಳೆ ಕಾಣಿಸಿತು.

"ಮೊದಲನೇದು ಸಮತಲ ದರ್ಪಣ ತಾತ. ಎರಡನೇದು ಪೀನ ದರ್ಪಣ. ನಮಗೆ ಬೇಕಾಗಿರೋದು ಪೀನ."

ಅಂಗಡಿಯವರು ನಕ್ಕು, "ಪಾಪು ಸರಿಯಾಗಿ ಹೇಳ್ತು ಸಾರ್" ಅಂದರು. ಕೊಂಚ ಚೌಕಾಶಿ ಮಾಡಿ ಉಬ್ಬಿದ ಗಾಜಿನದನ್ನೇ ತಂದೆವು.

ಚಮಚದ ಬೆನ್ನು

ಪೀನ ದರ್ಪಣ ಎಂದರೇನು ಅಂತ ಬಿ.ಕಾಂ. ಓದಿದ ನನಗೆ ಬಸ್ಸಿನಲ್ಲಿ ಪಾಠ ನಡೆಯಿತು. ಸ್ಟೀಲಿನ ಚಮಚ ತೆಗೆದುಕೊಳ್ಳಿ. ಅದರ ಬೆನ್ನಿನಲ್ಲಿ ಮುಖ ನೋಡಿಕೊಳ್ಳಿ. ಮುಖ ಚಿಕ್ಕದು, ಆದರೆ ನೆಟ್ಟಗಿದೆ, ಹಿಂದಿನ ಗೋಡೆ, ಕಿಟಕಿ ಎಲ್ಲವೂ ಅದರೊಳಗೆ ಹಿಡಿದಿದೆ. ಅದೇ ಪೀನ ದರ್ಪಣ, ಹೊರಕ್ಕೆ ಉಬ್ಬಿದ ಕನ್ನಡಿ. ಚಪ್ಪಟೆ ಕನ್ನಡಿ ಒಂದು ಕಿಟಕಿಯಷ್ಟು ತೋರಿಸಿದರೆ, ಅಷ್ಟೇ ದೊಡ್ಡ ಉಬ್ಬು ಕನ್ನಡಿ ಇಡೀ ಬೀದಿಯನ್ನೇ ತೋರಿಸುತ್ತದೆ. ಸೈಡ್ ಮಿರರಿಗೆ ಅದನ್ನು ಹಾಕುವುದು ಇದಕ್ಕೇ.

ಆದರೆ ಈ ಲಾಭಕ್ಕೆ ಬಡ್ಡಿ ಕಟ್ಟಬೇಕು. ಚಿಕ್ಕದಾಗಿ ಕಂಡದ್ದನ್ನು ನಮ್ಮ ಮನಸ್ಸು ದೂರದಲ್ಲಿದೆ ಅಂದುಕೊಳ್ಳುತ್ತದೆ. ಪುಟ್ಟಿ ಬಸ್ ಟಿಕೆಟಿನ ಹಿಂದೆ ಲೆಕ್ಕ ಹಾಕಿ ತೋರಿಸಿದಳು. ಕನ್ನಡಿಯ ವಕ್ರತಾ ತ್ರಿಜ್ಯ 120 ಸೆಂಟಿಮೀಟರ್ ಅಂತಿಟ್ಟುಕೊಂಡರೆ ಸಂಗಮ ದೂರ ಅದರ ಅರ್ಧ, 60 ಸೆಂಟಿಮೀಟರ್. ಕನ್ನಡಿಯಿಂದ 9 ಮೀಟರ್ ಹಿಂದೆ ಒಂದು ಸ್ಕೂಟರ್ ಬರುತ್ತಿದ್ದರೆ ಅದರ ಪ್ರತಿಬಿಂಬ ನಿಜವಾದ ಗಾತ್ರದ 16ರಲ್ಲಿ ಒಂದು ಪಾಲು. ಡ್ರೈವರ್ ಸೀಟಿನಿಂದ ಎಡಗನ್ನಡಿಗೆ ಸುಮಾರು ಒಂದೂವರೆ ಮೀಟರ್ ದೂರ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಆ ಸ್ಕೂಟರ್ 30 ಮೀಟರ್ ಆಚೆಗಿರುವಷ್ಟು ಪುಟ್ಟದಾಗಿ ಕಾಣುತ್ತದೆ. ಹತ್ತಿರವೇ ಬಂದವನು ಮೂರರಷ್ಟು ದೂರ ಇದ್ದ ಹಾಗೆ! ಕನ್ನಡಿಯಲ್ಲಿ ಕಾಣುವ ವಾಹನ ಕಾಣುವುದಕ್ಕಿಂತ ಹತ್ತಿರದಲ್ಲಿದೆ ಅಂತ ಕೆಲವು ಕಾರಿನ ಕನ್ನಡಿಯ ಮೇಲೆಯೇ ಇಂಗ್ಲಿಷಿನಲ್ಲಿ ಬರೆದಿರುತ್ತಾರಲ್ಲ, ಅದರ ಹಿಂದಿನ ಲೆಕ್ಕ ಇದು. ನಾನು ಎರಡು ಸಲ ಕೂಡಿ ಕಳೆದು ನೋಡಿದೆ. ಟ್ಯಾಲಿ ಆಯಿತು.

ಕಾರಿನೊಳಗೆ ನಡುವೆ ನೇತಾಡುವ ಕನ್ನಡಿ ಸಾಮಾನ್ಯವಾಗಿ ಚಪ್ಪಟೆಯದು. ಹಿಂದಿನ ವಾಹನ ನಿಜಕ್ಕೂ ಎಷ್ಟು ದೂರ ಅಂತ ಅದನ್ನು ನೋಡಿ ತಿಳಿಯಬೇಕು. ಅದರ ಕೆಳಗೆ ಒಂದು ಪುಟ್ಟ ಹಿಡಿ ಇರುತ್ತದೆ. ರಾತ್ರಿ ಹಿಂದಿನ ಲಾರಿಯ ದೀಪ ಕಣ್ಣಿಗೆ ಹೊಡೆದರೆ ಹಿಡಿಯನ್ನು ಎಳೆದರಾಯಿತು, ದೀಪ ಮಂಕಾಗುತ್ತದೆ. ಆ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಬೆಣೆಯ ಹಾಗಿರುತ್ತದೆ. ಹಗಲಿನಲ್ಲಿ ಹಿಂಬದಿಯ ಬೆಳ್ಳಿಲೇಪನ ಬೆಳಕನ್ನು ಕಣ್ಣಿಗೆ ಕಳಿಸುತ್ತದೆ. ಹಿಡಿ ಎಳೆದಾಗ ಲೇಪನದ ಬೆಳಕು ಬೇರೆ ಕಡೆಗೆ ಹೋಗಿ, ಗಾಜಿನ ಮುಂಭಾಗದಿಂದ ಮರಳುವ ನೂರರಲ್ಲಿ ಸುಮಾರು 4 ಪಾಲು ಬೆಳಕು ಮಾತ್ರ ನಮಗೆ ಸಿಗುತ್ತದೆ.

ಹಿಂದೆ ನೋಡಲು ಕನ್ನಡಿ ಬೇಕು ಅಂತ ಮೊದಲು ಹೊಳೆದದ್ದು ಯಾರಿಗೆ? ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಕಾರು ಓಟಗಾರ್ತಿ 1909ರಲ್ಲಿ ಹೆಂಗಸರಿಗಾಗಿ ಕಾರು ಓಡಿಸುವ ಬಗ್ಗೆ ಒಂದು ಪುಸ್ತಕ ಬರೆದರು. ಒಂದು ಕೈಗನ್ನಡಿ ಇಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದು ಹಿಂದಿನ ರಸ್ತೆ ನೋಡಿ ಅಂತ ಅದರಲ್ಲಿ ಹೇಳಿದ್ದರು. ಎರಡು ವರ್ಷದ ಮೇಲೆ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಯ ಮೊದಲ ಓಟದ ಸ್ಪರ್ಧೆ ನಡೆಯಿತು. ಉಳಿದವರ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂತು ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡಿ ಹೇಳುತ್ತಿದ್ದ. ರೇ ಹ್ಯಾರೂನ್ ಎಂಬಾತ ಮಾತ್ರ ಒಬ್ಬನೇ ಹೊರಟ. ಹಿಂದೆ ನೋಡುವವರಿಲ್ಲದೆ ಓಡಿಸುವುದು ಅಪಾಯ ಅಂತ ಉಳಿದವರು ತಕರಾರು ತೆಗೆದದ್ದಕ್ಕೆ ತನ್ನ ಮುಂದೆ ಒಂದು ಕನ್ನಡಿ ಕಟ್ಟಿಕೊಂಡ. ಗೆದ್ದವನು ಅವನೇ. ಇಟ್ಟಿಗೆ ಹಾಸಿದ ಆ ಹಾದಿಯಲ್ಲಿ ಕಾರು ಅದುರಿ ಕನ್ನಡಿಯಲ್ಲಿ ಸರಿಯಾಗಿ ಏನೂ ಕಾಣುತ್ತಿರಲಿಲ್ಲ ಅಂತ ಆಮೇಲೆ ತಾನೇ ಒಪ್ಪಿಕೊಂಡನಂತೆ. ಗೆದ್ದ ಮೇಲೂ ಒಪ್ಪಿಕೊಂಡನಲ್ಲ ಅಂತ ನನಗೆ ಒಳಗೊಳಗೇ ಚುಚ್ಚಿತು.

ಮೂರು ಸ್ಕ್ರೂ

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆವು. ಬೇಕಾದದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಹಳೆಯ ಬಟ್ಟೆ ಎರಡು, ಒಂದು ಬಟ್ಟಲು. ಗಾಜಿನ ಚೂರು ಮುಟ್ಟುವುದಕ್ಕೆ ದಪ್ಪ ಕೈಚೀಲ. ಕೈ ನಡುಗುವವರು, ಕಣ್ಣು ಮಂಜಾದವರು ಒಬ್ಬರೇ ಮಾಡಬೇಡಿ. ಇದು ಇಬ್ಬರ ಕೆಲಸ.

ಮೊದಲು ಕಿಟಕಿಯ ಗಾಜು ಪೂರ್ತಿ ಏರಿಸಿ. ಬಾಗಿಲಿನ ಮೇಲ್ತುದಿಯ ಸಂದಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಸ್ಕ್ರೂ ಜಾರಿ ಬಾಗಿಲಿನ ಹೊಟ್ಟೆಯೊಳಗೆ ಬಿದ್ದು ಜೀವನಪೂರ್ತಿ ಗಲಗಲ ಅನ್ನುತ್ತದೆ. ಒಳಗಡೆ ಮೂಲೆಯಲ್ಲಿ ತ್ರಿಕೋನಾಕಾರದ ಕಪ್ಪು ಪ್ಲಾಸ್ಟಿಕ್ ಮುಚ್ಚಳವಿದೆ. ಕನ್ನಡಿ ತಿರುಗಿಸುವ ಕಡ್ಡಿಯ ತಲೆ ತೆಗೆದು, ಸ್ಕ್ರೂಡ್ರೈವರಿನ ಮೂತಿಗೆ ಬಟ್ಟೆ ಸುತ್ತಿ, ಮುಚ್ಚಳವನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಬೇಕು. ಅವಸರ ಮಾಡಿದರೆ ಒಳಗಿನ ಕೊಕ್ಕೆ ಮುರಿಯುತ್ತದೆ. ಮುಚ್ಚಳ ಬಂದ ಮೇಲೆ ನಮ್ಮ ಗಾಡಿಯಲ್ಲಿ ಮೂರು ಸ್ಕ್ರೂ ಕಂಡವು. ಬಿಚ್ಚಿದ್ದನ್ನೆಲ್ಲ ಬಟ್ಟಲಿಗೆ ಹಾಕಿದೆವು. ಕೊನೆಯ ಸ್ಕ್ರೂ ಬಿಚ್ಚುವಾಗ ಹೊರಗಿನಿಂದ ಒಬ್ಬರು ಕನ್ನಡಿಯನ್ನು ಹಿಡಿದಿರಬೇಕು. ಹೊರಗೆ ಪುಟ್ಟಿ, ಒಳಗೆ ನಾನು.

ಹೊಸದನ್ನು ಕೂರಿಸುವಾಗ ಒಂದೇ ಸ್ಕ್ರೂವನ್ನು ಪೂರ್ತಿ ಬಿಗಿಯಬಾರದು. ಮೂರನ್ನೂ ಬೆರಳಿನಲ್ಲಿ ನಾಲ್ಕು ಸುತ್ತು ಹಿಡಿಸಿ, ಆಮೇಲೆ ಒಂದಾದ ಮೇಲೆ ಒಂದರಂತೆ ಬಿಗಿಯುತ್ತಾ ಬರಬೇಕು. ಮುಚ್ಚಳವನ್ನು ಒತ್ತಿದಾಗ 'ಟಕ್' ಅಂದರೆ ಮುಗಿಯಿತು. ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಬಟನ್ ಒತ್ತಿದರೆ ತಿರುಗುವ ಕನ್ನಡಿಗಳಿಗೆ ಒಳಗೆ ವೈರು ಇರುತ್ತದೆ. ಅದನ್ನು ಗ್ಯಾರೇಜಿನವರಿಗೇ ಬಿಡುವುದು ಕ್ಷೇಮ.

ನಾನು ಕೈ ಒರೆಸಿಕೊಳ್ಳುತ್ತಿದ್ದೆ. ಪುಟ್ಟಿ ಹಳೆಯ ಕನ್ನಡಿಯ ಗೂಡನ್ನು ತಿರುಗಿಸಿ ನೋಡುತ್ತಿದ್ದಳು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕೆಂಪಗೆ ಏನೋ ಮೆತ್ತಿತ್ತು. ಉಗುರಿನಿಂದ ಕೆರೆದಳು. ಪುಡಿ ಉದುರಿತು. ಗೇಟಿನ ಕಂಬದ ಕಡೆ ನೋಡಿದಳು. ಯುಗಾದಿಗೆ ಕಂಬಗಳಿಗೆ ಕಾವಿ ಬಣ್ಣ ಹೊಡೆಸಿದ್ದೆವು. ಎಡಗಡೆಯ ಕಂಬದಲ್ಲಿ, ಕನ್ನಡಿಯ ಎತ್ತರಕ್ಕೆ ಸರಿಯಾಗಿ, ಎರಡು ಬೆರಳಗಲ ಬಣ್ಣ ಎದ್ದುಹೋಗಿತ್ತು. ತರಕಾರಿ ಗಾಡಿಯ ಬಣ್ಣ ನೀಲಿ.

ಅವಳು ಏನೂ ಕೇಳಲಿಲ್ಲ. ಆಡಿಟರು ಬಂದು ಎದುರಿಗೆ ನಿಂತ ಹಾಗಾಯಿತು.

"ನಾನೇ ಪುಟ್ಟಿ" ಅಂದೆ. "ರಿವರ್ಸ್ ತಗೊಳ್ಳೋವಾಗ ಕಂಬಕ್ಕೆ ಹೊಡೆದೆ. ಎಡಗಡೆ ನಂಗೆ ಕಾಣ್ಲಿಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ ಅಂದುಕೊಂಡಿದ್ದೆ. "ಹಾಗಾದ್ರೆ ತರಕಾರಿ ಅಣ್ಣ?" ಅಂದಳು.

ಅದಕ್ಕೆ ಉತ್ತರ ಇರಲಿಲ್ಲ. ಒಳಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು. ಕಂಬಕ್ಕೆ ಹೊಡೆದದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ. "ಆ ಹುಡುಗನ್ನ ನನ್ನ ಬಾಯಲ್ಲಿ ಬೈಸಿದ್ರಲ್ಲಾ, ಕೂತು ಕೇಳ್ತಾನೂ ಇದ್ರಲ್ಲಾ" ಅಂದಳು. ಮಗನಿಗೂ ಸಂಜೆ ಫೋನ್ ಮಾಡಿ ಹೇಳಿದೆ. ಅವನು ಕೇಳಿದ್ದು ಒಂದೇ. "ಅಪ್ಪಾ, ಕಣ್ಣು ಯಾವಾಗ ತೋರಿಸಿದ್ದು?"

ಸೋಮವಾರ ಬೆಳಿಗ್ಗೆ ರಸ್ತೆಯ ಕೊನೆಯವರೆಗೆ ನಡೆದು ಹೋದೆ. ಗಾಡಿಯ ಸುತ್ತ ನಾಲ್ಕು ಜನ ಹೆಂಗಸರಿದ್ದರು. ಅವರು ಹೋಗಲಿ ಅಂತ ಕಾಯಬಹುದಿತ್ತು. ಆದರೆ ಅವನಿಗೆ ಮಾತು ಬಂದದ್ದು ನಾಲ್ಕು ಜನರ ಎದುರಿಗೆ. ಅಲ್ಲೇ ಹೇಳಿದೆ. "ಕನ್ನಡಿ ಒಡೆದದ್ದು ನಾನಪ್ಪಾ. ಮನೇಲಿ ಸುಳ್ಳು ಹೇಳಿದ್ದೆ. ತಪ್ಪಾಯ್ತು."

ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ನಾನು ಅವತ್ತೇ ಹೇಳಿದ್ನಲ್ಲ ಸಾರ್" ಅಂದ. ಎದುರಿಗಿದ್ದವರ ಬೀನ್ಸ್ ತೂಗಿ ಕೊಟ್ಟ. ಆಮೇಲೆ, "ಅಮ್ಮಂಗೆ ಗೊತ್ತಾ?" ಅಂದ.

"ಗೊತ್ತು."

ಮಾರನೆಯ ದಿನವೂ ಅವನು ನಮ್ಮ ಮನೆ ಮುಂದೆ ನಿಲ್ಲಿಸಲಿಲ್ಲ. ಅದರ ಮಾರನೆಯ ದಿನ ಹಾರನ್ ಕೇಳಿಸಿತು. ನನ್ನ ಹೆಂಡತಿ ಬುಟ್ಟಿ ಹಿಡಿದು ಹೊರಗೆ ಹೋಗಿ, ಬೇಕಾದದ್ದಕ್ಕಿಂತ ಹೆಚ್ಚಿಗೆ ಕೊಂಡು ಬಂದಳು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಹುರುಳಿಕಾಯಿ ಪಲ್ಯ.

ಬಳಪದ ಗೆರೆ

ಕಣ್ಣಿನ ಡಾಕ್ಟರರಿಗೆ ತೋರಿಸಿದೆ. ಎಡಗಣ್ಣಿಗೆ ಪೊರೆ ಬಂದಿದೆ, ತೆಗೆಯಬೇಕು ಅಂದರು. ದಿನ ಗೊತ್ತಾಗಿದೆ. ಅಲ್ಲಿಯವರೆಗೆ ಬೀಗದ ಕೈ ಮಗನ ಹತ್ತಿರ ಇದೆ, ನಾನೇ ಕೊಟ್ಟೆ. ಐವತ್ತೈದು ದಾಟಿದವರಿಗೆ ಡ್ರೈವಿಂಗ್ ಲೈಸೆನ್ಸನ್ನು ಐದು ವರ್ಷಕ್ಕೆ ಮಾತ್ರ ಕೊಡುತ್ತಾರೆ, ಜೊತೆಗೆ ಡಾಕ್ಟರ ಪ್ರಮಾಣಪತ್ರ ಬೇಕು. ನನ್ನದು ಮುಂದಿನ ವರ್ಷ ಮುಗಿಯುತ್ತದೆ. ಆಗ ಮತ್ತೆ ಮಾಡಿಸುವುದೋ ಬೇಡವೋ ಅಂತ ಆಪರೇಷನ್ ಆದ ಮೇಲೆ ನೋಡೋಣ. ಕತ್ತಲಾದ ಮೇಲೆ ಓಡಿಸುವುದಿಲ್ಲ ಅನ್ನುವುದು ಮಾತ್ರ ಈಗಲೇ ನಿರ್ಧಾರವಾಗಿದೆ.

ಕೊನೆಯದಾಗಿ, ತಾತಂದಿರೂ ಮೊಮ್ಮಕ್ಕಳೂ ಸೇರಿ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ನಾವು ಮುಂದಿನ ಭಾನುವಾರ ಮಾಡಿದೆವು. ಕಾರನ್ನು ಮೈದಾನದಂಥ ಬಯಲಿನಲ್ಲಿ ನಿಲ್ಲಿಸಿ. ಇಂಜಿನ್ ಆರಿಸಿ, ಬೀಗದ ಕೈ ತೆಗೆದು ಹೊರಗೆ ನಿಂತ ಒಬ್ಬ ದೊಡ್ಡವರ ಕೈಗೆ ಕೊಡಿ. ಡ್ರೈವರ್ ಸೀಟಿನಲ್ಲಿ ತಾತ ಕೂತು ಕನ್ನಡಿಗಳನ್ನು ಸರಿಮಾಡಿಕೊಳ್ಳಲಿ. ಸೈಡ್ ಮಿರರಿನಲ್ಲಿ ನಮ್ಮದೇ ಕಾರಿನ ಪಕ್ಕೆ ಅಂಚಿನಲ್ಲಿ ಒಂದು ಗೆರೆಯಷ್ಟು ಕಂಡರೆ ಸಾಕು. ಅರ್ಧ ಕನ್ನಡಿಯ ತುಂಬ ನಮ್ಮ ಕಾರೇ ಕಂಡರೆ ರಸ್ತೆ ಕಾಣುವುದು ಯಾವಾಗ?

ಈಗ ಮಗು ಕೈಯಲ್ಲಿ ಬಣ್ಣದ ಕರ್ಚೀಫು ಹಿಡಿದು ಕಾರಿನ ಹಿಂದಿನಿಂದ ಎಡ ಪಕ್ಕದಲ್ಲಿ ನಿಧಾನವಾಗಿ ಮುಂದಕ್ಕೆ ನಡೆಯಲಿ. ತಾತ ಕತ್ತು ತಿರುಗಿಸದೆ ಕನ್ನಡಿಗಳನ್ನೇ ನೋಡುತ್ತಿರಲಿ. ಕರ್ಚೀಫು ಕಾಣದಾದ ತಕ್ಷಣ "ಇಲ್ಲ" ಅನ್ನಲಿ. ಮತ್ತೆ ಕಂಡಾಗ "ಇದೆ" ಅನ್ನಲಿ. ಎರಡೂ ಜಾಗದಲ್ಲಿ ಮಗು ನೆಲದ ಮೇಲೆ ಬಳಪದಲ್ಲಿ ಗೆರೆ ಎಳೆಯಲಿ. ಆ ಎರಡು ಗೆರೆಗಳ ನಡುವಿನದೇ 'ಬ್ಲೈಂಡ್ ಸ್ಪಾಟ್', ನಮಗೆ ಕಾಣದ ಜಾಗ. ಯಾವ ಹೊಸ ಕನ್ನಡಿ ಹಾಕಿದರೂ ಅದು ಚಿಕ್ಕದಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ತಿರುಗುವ ಮೊದಲು ಒಮ್ಮೆ ಕತ್ತು ಹೊರಳಿಸಿ ನೋಡಲೇಬೇಕು. ಮಕ್ಕಳೇ, ಸೈಕಲ್ ತುಳಿಯುವ ನೀವೂ ನೆನಪಿಡಿ. ಕಾರಿನ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ.

ನಾನು ಕಾರಿನಿಂದ ಇಳಿದು ಬಂದು ಪುಟ್ಟಿ ಎಳೆದ ಗೆರೆಗಳನ್ನು ನೋಡಿದೆ. ಅವಳು ತನ್ನ ಸೈಕಲನ್ನು ತಂದು ಅವುಗಳ ನಡುವೆ ನಿಲ್ಲಿಸಿದ್ದಳು. ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಪೂರ್ತಿ ಹಿಡಿಯಿತು.

ಆ ಹುಡುಗನನ್ನು ಮತ್ತೆ ನೋಡಿಲ್ಲ. ನೋಡಿದರೆ, ಕನ್ನಡಿ ಹಾಕಿಸಿದೆ ಅಂತ ಹೇಳಬೇಕು.